ಐದು ಜನ, ಇಪ್ಪತ್ತು ಜೋಡಿ ಸಾಕ್ಸ್: ಕಲಬುರಗಿಯಿಂದ ಮನಾಲಿಯ ಹಿಮಕ್ಕೆ

ಹೊರಡುವ ಮೊದಲು

ಈ ಪ್ರವಾಸ ಶುರುವಾಗಿದ್ದು ನಮ್ಮ ಮನೆಯ ಹಳೇ ಫ್ರಿಜ್ಜಿನಿಂದ. ಫ್ರೀಜರಿನಲ್ಲಿ ಬರ್ಫ ಕಟ್ಟಿ ಕಟ್ಟಿ ಅದರ ಬಾಗಿಲೇ ಮುಚ್ಚುತ್ತಿರಲಿಲ್ಲ. ಅತ್ತೆ ಚಮಚದಿಂದ ಅದನ್ನು ಕೆರೆದು ಒಂದು ಬಟ್ಟಲಿಗೆ ಹಾಕುತ್ತಿದ್ದರು. ಮಗ ಅದನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, "ಆಯಿ, ಸ್ನೋ ಅಂದ್ರ ಇದೇ ನೋಡು" ಅಂದ. ಅತ್ತೆ ಬೆರಳಿಂದ ಮುಟ್ಟಿ ನೋಡಿದರು. "ಇಷ್ಟಲ್ಲಪಾ, ನೆಲದ ತುಂಬಾ ಬಿದ್ದಿರ್ತದಲ್ಲ, ಅದು ಒಮ್ಮೆ ನೋಡ್ಬೇಕಂತ ನಂಗ ಭಾಳ ದಿನದ ಆಸೆ ಅದ" ಅಂದರು.

ನಾನು ಈ ಮನೆಗೆ ಬಂದು ಹದಿನೈದು ವರ್ಷ ಆಯ್ತು. ತನಗೆ ಏನೋ ಬೇಕು ಅಂತ ಅತ್ತೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅವತ್ತೇ. ಅವರಿಗೆ ಅರವತ್ತಾರು ವರ್ಷ. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವ ಊರಲ್ಲಿ, ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಅದರ ಮೇಲೆ ಸೆರಗು ಹಾಸಿ ಮಲಗಿ ಬೇಸಿಗೆ ಕಳೆದವರು.

ಡಿಸೆಂಬರಿನಲ್ಲಿ ಹೊಲದ ತೊಗರಿ ರಾಶಿಯಾಯ್ತು. ಮಾರಿ ಬಂದ ಸಂಜೆ ನಮ್ಮವರು ಚಹಾ ಕುಡೀತಾ, "ಈ ಸಲ ಅವ್ವಗ ಬರ್ಫ ತೋರ್ಸೇ ಬಿಡೋಣ" ಅಂದರು. ಜನವರಿ 26ರ ಆಸುಪಾಸಿಗೆ ದಿನ ಗೊತ್ತಾಯಿತು. ಡಿಸೆಂಬರಿನಲ್ಲಿ ಮನಾಲಿ ಊರೊಳಗೆ ಹಿಮ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ, ಜನವರಿ ಮತ್ತು ಫೆಬ್ರವರಿ ವಾಸಿ. ಅದಕ್ಕೇ ಮಕ್ಕಳ ಶಾಲೆಗೆ ರಜೆ ಹಾಕಿಸಿದೆವು.

ಆಮೇಲಿನ ಮೂರು ವಾರ ನಾನು ಮಾಡಿದ್ದು ತಯಾರಿಯೊಂದೇ. ದಪ್ಪ ಕೋಟು ಕೊಂಡರೆ ಕೆಲಸ ಮುಗೀತು ಅಂದುಕೊಂಡಿದ್ದೆ. ಮನಾಲಿಯಲ್ಲಿ ನಾವು ಇಳಿದುಕೊಳ್ಳಬೇಕಿದ್ದ ಮನೆಯೊಡತಿಗೆ ಫೋನ್ ಮಾಡಿ ಕೇಳಿದೆ. ಆಕೆ ಹೇಳಿದ್ದು ಒಂದೇ ಮಾತು: "ದೀದಿ, ಚಳಿಗೆ ಹೆದರಬೇಡಿ, ಒದ್ದೆಗೆ ಹೆದರಿ." ಆ ಮಾತನ್ನು ಅಡುಗೆಮನೆಯ ಕ್ಯಾಲೆಂಡರಿನ ಅಂಚಿಗೆ ಬರೆದಿಟ್ಟುಕೊಂಡೆ.

ಅದರಿಂದ ಮೊದಲು ತಪ್ಪಿದ್ದು ಹತ್ತಿಯ ಬನಿಯನ್. ನಮ್ಮ ಊರಿನ ಸೆಕೆಗೆ ಹತ್ತಿಯಷ್ಟು ಒಳ್ಳೇದು ಬೇರೆ ಇಲ್ಲ, ಆದರೆ ಅದು ಬೆವರು ಹೀರಿಕೊಂಡು ಒದ್ದೆಯಾಗೇ ಉಳಿಯುತ್ತೆ. ಹಿಮದಲ್ಲಿ ಆಡಿ ಬೆವೆತ ಮಗು ನಿಂತ ಕೂಡಲೇ ಆ ಒದ್ದೆ ಮೈಗೆ ಹತ್ತಿ ಥಂಡಿ ಹಿಡಿಯುತ್ತೆ. ಹಾಗಾಗಿ ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆ ಸ್ವೆಟರ್, ಎಲ್ಲದರ ಮೇಲೆ ಗಾಳಿ ನೀರು ತಡೆಯುವುದು ಒಂದು. ಸ್ವೆಟರುಗಳನ್ನು ಚಳಿಗಾಲಕ್ಕೆ ಊರಿಗೆ ಬರುವ ಟಿಬೆಟಿಯನ್ನರ ಹತ್ತಿರ ಕೊಂಡೆವು. ಮೇಲಿನದಕ್ಕೆ ದುಡ್ಡೇ ಹಾಕಲಿಲ್ಲ. ಮಳೆಗಾಲದ ರೇನ್‌ಕೋಟು ಪ್ಯಾಂಟು ಕಪಾಟಿನಲ್ಲೇ ಇದ್ದವಲ್ಲ, ಅವನ್ನೇ ಬಿಸಿಲಿಗೆ ಹಾಕಿ ತೆಗೆದಿಟ್ಟೆ. ದುಡ್ಡು ಹಾಕಿದ್ದು ಸಾಕ್ಸಿಗೆ. ಒಬ್ಬೊಬ್ಬರಿಗೆ ನಾಲ್ಕು ಜೋಡಿ, ಐದು ಜನಕ್ಕೆ ಇಪ್ಪತ್ತು. ಸೂಪರ್ ಮಾರ್ಕೆಟ್ಟಿನ ಅಂಗಡಿಯವರು, "ಸಾಲಿಗೆ ಹಂಚ್ಲಿಕ್ಕೇನ್ರಿ ಅಕ್ಕಾ?" ಅಂತ ಕೇಳಿದರು.

ಗ್ಲೌಸಿನ ಪರೀಕ್ಷೆ ಮಗಳು ಮಾಡಿದಳು. ಅವಳಿಗೆ ಹನ್ನೆರಡು ವರ್ಷ. ಒಂದು ಕೈಗೆ ಉಣ್ಣೆ ಗ್ಲೌಸ್, ಇನ್ನೊಂದಕ್ಕೆ ರೆಕ್ಸಿನ್ ಹೊದಿಕೆಯದು ಹಾಕಿಕೊಂಡು, ಫ್ರೀಜರಿನ ಬರ್ಫ ಎರಡೂ ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತಾ ನಿಂತಳು. ಮೂರು ನಿಮಿಷಕ್ಕೆ ಉಣ್ಣೆಯ ಕೈ ಒದ್ದೆಯಾಯಿತು, ಇನ್ನೊಂದು ಒಣಗೇ ಇತ್ತು. ಅವತ್ತೇ ಉಣ್ಣೆಯವನ್ನು ಪಕ್ಕಕ್ಕಿಟ್ಟೆವು.

ಉಳಿದದ್ದು ಅತ್ತೆಯ ಸೀರೆ. ಪ್ಯಾಂಟು ಹಾಕಿಕೊಳ್ಳಿ ಅಂತ ಹೇಳೋಕೆ ನನಗೆ ಧೈರ್ಯ ಬರಲಿಲ್ಲ, ಮಗಳೇ ಕೇಳಿದಳು. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಒಳಗ ನೀವು ಹೇಳಿದ್ದು ಹಾಕ್ಕೋತೀನಿ. ಮ್ಯಾಲ ಕಚ್ಚಿ ಹಾಕ್ತೀನಿ. ಹೊಲದಾಗ ಕೆಸರಿನಾಗ ಹಂಗೇ ಅಡ್ಡಾಡೀವಲ್ಲ" ಅಂದರು. ಎರಡು ಥರ್ಮಲ್ ಪ್ಯಾಂಟಿನ ಮೇಲೆ ಮೊಣಕಾಲಿನ ಕೆಳಗೆ ನಿಲ್ಲುವ ಹಾಗೆ ಇಳಕಲ್ ಸೀರೆ ಕಚ್ಚೆ ಹಾಕಿ ಅಂಗಳದಲ್ಲಿ ನಡೆದು ತೋರಿಸಿದರು. ಅಂಚು ನೆಲಕ್ಕೆ ತಾಗಲಿಲ್ಲ. ನನಗೆ ಹೊಳೆಯದೇ ಇದ್ದದ್ದು ಅವರಿಗೆ ಹೊಳೆಯಿತು.

ಅವರಿಗೆ ಬಿಪಿ ಇದೆ, ಹಾಗಾಗಿ ಡಾಕ್ಟರನ್ನು ಕಂಡು ಬಂದೆವು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರ, ಮನಾಲಿ 2,000 ಮೀಟರಿಗಿಂತ ಮೇಲೆ. 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ ಬರುತ್ತೆ. ಮೊದಲ ದಿನ ಎಲ್ಲೂ ಓಡಾಡಬೇಡಿ, ನೀರು ಕುಡೀರಿ, ಮೇಲೆ ಹೋದರೂ ರಾತ್ರಿ ಕೆಳಗೇ ಮಲಗಿ ಅಂದರು. ಮಾತ್ರೆಗಳನ್ನು ನಾಲ್ಕು ದಿನ ಜಾಸ್ತಿಯೇ ಕಟ್ಟಿಕೊಂಡೆ. ಅದು ಎಷ್ಟು ಒಳ್ಳೇದಾಯಿತು ಅಂತ ಮುಂದೆ ಗೊತ್ತಾಯಿತು.

ಮೊದಲ ಮತ್ತು ಎರಡನೇ ದಿನ: ರೈಲು, ಮಂಜು, ಬಸ್ಸು

ಬೆಳಗಿನ ಜಾವ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ಬುತ್ತಿಯಲ್ಲಿ ಕಡಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಸಂಕ್ರಾಂತಿಯಲ್ಲಿ ಉಳಿದ ಎಳ್ಳು ಹೋಳಿಗೆ. ಸೊಲ್ಲಾಪುರ ದಾಟುವಷ್ಟರಲ್ಲಿ ಹೋಳಿಗೆ ಖಾಲಿ. ರೊಟ್ಟಿ ಮಾತ್ರ ವಾಪಸ್ ಬರುವವರೆಗೂ ಕೆಡಲಿಲ್ಲ. ಹಿಮದ ಊರಿಗೆ ಹೋಗುವವರು ಬೇರೆ ಏನು ಮರೆತರೂ ಕಡಕ ರೊಟ್ಟಿ ಮರೀಬಾರದು.

ಝಾನ್ಸಿ ದಾಟಿದ ಮೇಲೆ ಕಿಟಕಿ ಆಚೆ ಏನೂ ಕಾಣಲಿಲ್ಲ. ಉತ್ತರದ ಜನವರಿ ಮಂಜು ಅಂದ್ರೆ ಹಾಲು ಸುರಿದ ಹಾಗೆ. ಗಾಡಿ ನಿಲ್ಲುತ್ತಾ, ಹೊರಡುತ್ತಾ, ದೆಹಲಿ ಸೇರುವಾಗ ನಾಲ್ಕು ತಾಸು ತಡ. ರಾತ್ರಿ ಬಸ್ಸು ಹಿಡಿದಿದ್ದರಿಂದ ಬಚಾವಾದೆವು. ಮಧ್ಯಾಹ್ನದ್ದು ಹಿಡಿದಿದ್ದರೆ ತಪ್ಪಿಹೋಗುತ್ತಿತ್ತು. ಚಳಿಗಾಲದಲ್ಲಿ ದೆಹಲಿಯಲ್ಲಿ ಅರ್ಧ ದಿನ ಖಾಲಿ ಇಟ್ಟುಕೊಳ್ಳುವುದೇ ಸರಿ.

ದೆಹಲಿಯಿಂದ ಮನಾಲಿ 500 ಕಿಲೋಮೀಟರಿಗಿಂತ ಜಾಸ್ತಿ, ರಾತ್ರಿಯಿಡೀ ದಾರಿ. ಬೆಟ್ಟದ ತಿರುವು ಶುರುವಾಗುತ್ತಲೇ ಮಗಳಿಗೆ ವಾಂತಿ. ಅತ್ತೆ ನಿಂಬೆಹಣ್ಣು ಮೂಸಿಸಿ, ತಲೆ ತೊಡೆ ಮೇಲೆ ಇಟ್ಟುಕೊಂಡು ಬೆಳಗಿನವರೆಗೂ ಕೂತೇ ಇದ್ದರು. ಊಟ ಕಡಿಮೆ ಮಾಡಿಸಿ, ಮುಂದಿನ ಸೀಟು ಹಿಡಿಯಬೇಕಿತ್ತು. ವಾಪಸ್ ಬರುವಾಗ ಹಾಗೇ ಮಾಡಿದೆವು, ತೊಂದರೆ ಆಗಲಿಲ್ಲ.

ಮೂರನೇ ದಿನ: ಹಿಮವಿಲ್ಲದ ಮನಾಲಿ

ಬೆಳಕು ಹರಿಯುವಾಗ ಬಿಯಾಸ್ ನದಿ ಪಕ್ಕದಲ್ಲೇ ಹರೀತಿತ್ತು. ಮನಾಲಿಯಲ್ಲಿ ಇಳಿದಾಗ ಮಗ ಸುತ್ತ ನೋಡಿ, "ಸ್ನೋ ಎಲ್ಲದ?" ಅಂದ. ಊರೊಳಗೆ ಒಂದು ಚೂರೂ ಇರಲಿಲ್ಲ. ದೂರದ ಶಿಖರಗಳ ಮೇಲೆ ಮಾತ್ರ ಬೆಳ್ಳಗೆ ಹೊಳೀತಿತ್ತು. ಅವನ ಮುಖ ಸಣ್ಣದಾಯಿತು. ನನ್ನದೂ ಆಗಿತ್ತು, ತೋರಿಸಲಿಲ್ಲ.

ನಾವು ಉಳಿದ ಮನೆ ಊರಿಂದ ಸ್ವಲ್ಪ ಮೇಲೆ, ಸೇಬಿನ ತೋಟದ ನಡುವೆ. ಕೋಣೆಯ ಮಧ್ಯದಲ್ಲಿ ಕಬ್ಬಿಣದ ಒಲೆ, ಅದರಿಂದ ಛಾವಣಿ ಆಚೆ ಹೋಗುವ ಕೊಳವೆ. ಅದಕ್ಕೆ ಅಲ್ಲಿ ತಂದೂರ್ ಅಂತಾರೆ. ನಮ್ಮ ಕಡೆ ತಂದೂರ್ ಅಂದ್ರೆ ರೊಟ್ಟಿ ಸುಡೋದು, ಅಲ್ಲಿ ಮನೆಯನ್ನೇ ಬೆಚ್ಚಗಿಡೋದು. ಅತ್ತೆ ಮೊದಲು ಹೋಗಿ ಕೂತದ್ದು ಅದರ ಪಕ್ಕ, ಕೊನೇ ದಿನ ಎದ್ದು ಬಂದದ್ದೂ ಅಲ್ಲಿಂದಲೇ.

ಮನೆಯೊಡತಿಯನ್ನು ನಾನು ದೀದಿ ಅಂತ ಕರೆದರೆ ಅತ್ತೆ ಬೇಟಿ ಅಂದರು. ಅತ್ತೆಗೆ ಬರೋದು ನಮ್ಮ ಕಲಬುರಗಿಯ ದಖನಿ ಉರ್ದು. ದೀದಿ ಎರಡನೇ ಸಲ ಚಹಾ ಬಗ್ಗಿಸೋಕೆ ಬಂದಾಗ "ನಕ್ಕೊ ಬೇಟಿ, ಬಸ್" ಅಂದರು. ನಕ್ಕೊ ಅಂದ್ರೆ ಬೇಡ ಅಂತ ದೀದಿಗೆ ಗೊತ್ತಾಗಲಿಲ್ಲ, ಲೋಟ ತುಂಬಿಸಿಯೇ ಬಿಟ್ಟರು. ಬರ್ಫ ಅನ್ನೋ ಮಾತು ಮಾತ್ರ ಇಬ್ಬರಿಗೂ ಒಂದೇ. ನಮಗೆ ಅದು ಐಸ್, ಅವರಿಗೆ ಆಕಾಶದಿಂದ ಬೀಳೋದು.

ಡಾಕ್ಟರ್ ಹೇಳಿದ ಹಾಗೆ ಮಲಗಿ ಎದ್ದು, ಸಂಜೆ ಹಿಡಿಂಬಾ ಗುಡಿಗೆ ಮಾತ್ರ ಹೋದೆವು. ದೇವದಾರು ಮರಗಳ ನೆರಳಲ್ಲಿ 1553ರಲ್ಲಿ ರಾಜಾ ಬಹಾದ್ದೂರ್ ಸಿಂಗ್ ಕಟ್ಟಿಸಿದ ಮರದ ಗುಡಿ. ಭೀಮನ ಹೆಂಡತಿ ಇಲ್ಲಿ ದೇವಿ. ರಾಕ್ಷಸಿ ಅಂತ ನಾವು ಕಥೆ ಕೇಳಿದವಳಿಗೆ ಇಲ್ಲಿ ಜನ ಕೈಮುಗಿಯುವುದನ್ನು ಅತ್ತೆ ಬಹಳ ಹೊತ್ತು ನೋಡಿದರು. "ಮಗನ್ನ ಒಬ್ಬಾಕೀನೇ ಬೆಳೆಸಿದಾಕಿ. ದೇವಿ ಆಗದೆ ಏನಾಗ್ತಾಳ" ಅಂದರು. ಮಾವ ತೀರಿಕೊಂಡಾಗ ನಮ್ಮವರಿಗೆ ಒಂಬತ್ತು ವರ್ಷ.

ನಾಲ್ಕನೇ ದಿನ: ಸುರಂಗದ ಆಚೆ

ಬೆಳಿಗ್ಗೆ ಟ್ಯಾಕ್ಸಿ. ದಾರಿಯುದ್ದಕ್ಕೂ ಹಿಮದ ಬಟ್ಟೆ, ಗಮ್‌ಬೂಟು ಬಾಡಿಗೆಗೆ ಕೊಡುವ ಅಂಗಡಿಗಳು. ಒಬ್ಬರಿಗೆ 250 ರೂಪಾಯಿ. ಇಲ್ಲಿ ಅವಸರ ಮಾಡಬಾರದು. ಕೊಟ್ಟ ಬೂಟಿನೊಳಗೆ ಕೈ ಹಾಕಿ ಬೆರಳ ತುದಿವರೆಗೂ ಮುಟ್ಟಿ ನೋಡಿದೆ. ಮಗನದ್ದು ಒಳಗೆ ಹಸಿ. ಬದಲಿಸಿಕೊಂಡೆ. ಎರಡನೆಯದೂ ಹಸಿ. ಮೂರನೆಯದು ಒಣಗಿತ್ತು, ಆದರೆ ಒಂದು ಸೈಜ್ ದೊಡ್ಡದು. ಎರಡು ಜೋಡಿ ಸಾಕ್ಸ್ ಹಾಕಿಸಿ, ನಡುವೆ ಪ್ಲಾಸ್ಟಿಕ್ ಚೀಲ ಸುತ್ತಿದೆ. ಅದು ಅತ್ತೆ ಹೇಳಿಕೊಟ್ಟ ಉಪಾಯ. ಅತ್ತೆಗೆ ಬೂಟು ಮಾತ್ರ ತೆಗೆದುಕೊಂಡೆವು. ಕಚ್ಚೆ ಸೀರೆ, ಸ್ವೆಟರ್, ಶಾಲು, ಮೇಲೆ ರೇನ್‌ಕೋಟ್. ಕಣ್ಣಿಗೆ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದ ಕಪ್ಪು ಕನ್ನಡಕ.

ಆ ಕನ್ನಡಕ ನೋಡಿ ಡ್ರೈವರ್ ಖುಷಿಪಟ್ಟರು. "ಮಾತಾಜಿ ಒಬ್ಬರೇ ಸರಿಯಾಗಿ ಬಂದಿದ್ದಾರೆ" ಅಂದರು. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ವಾಪಸ್ ಮುಖಕ್ಕೇ ಹೊಡೆಯುತ್ತೆ. ನಾನು ಮಕ್ಕಳಿಗೆ ಮುಲಾಮು ಹಚ್ಚಿದ್ದೆ, ಕನ್ನಡಕ ಮರೆತಿದ್ದೆ. ಬಾಡಿಗೆ ಅಂಗಡಿಯಲ್ಲೇ ಕೊಂಡೆವು.

ಅಟಲ್ ಸುರಂಗ 9.02 ಕಿಲೋಮೀಟರ್ ಉದ್ದ. 2020ರ ಅಕ್ಟೋಬರ್ 3ರಂದು ಶುರುವಾದದ್ದು. ಅದಕ್ಕೂ ಮೊದಲು ಆಚೆಯ ಲಾಹೌಲ್ ಜನಕ್ಕೆ ಚಳಿಗಾಲ ಅಂದ್ರೆ ತಿಂಗಳುಗಟ್ಟಲೆ ದಾರಿ ಬಂದ್. ಮೇಲಿನ ರೋಹ್ತಾಂಗ್ ಪಾಸ್ 3,978 ಮೀಟರ್, ಚಳಿಗಾಲದಲ್ಲಿ ಹಿಮದಡಿ ಹೂತಿರುತ್ತೆ. "ಹೆರಿಗೆ ನೋವು ಬಂದರೂ ಹೆಲಿಕಾಪ್ಟರಿಗೆ ಕಾಯಬೇಕಿತ್ತು" ಅಂತ ಡ್ರೈವರ್ ಹೇಳಿದರು. ಅತ್ತೆ "ಅಯ್ಯ ಶಿವನೇ" ಅಂದರು. ಆಮೇಲೆ ಸುರಂಗ ಮುಗಿಯುವವರೆಗೂ ಯಾರೂ ಮಾತಾಡಲಿಲ್ಲ.

ಒಳಗೆ ಹೋಗುವಾಗ ಕಂದು ಬೆಟ್ಟ, ಹಸಿರು ದೇವದಾರು. ಹೊರಗೆ ಬಂದಾಗ ಎಲ್ಲಾ ಬಿಳಿ. ಬೆಟ್ಟ, ಮನೆಯ ಮಾಳಿಗೆ, ಕಂಬ, ತಂತಿ, ಎಲ್ಲಾ. ನಡುವೆ ಚಂದ್ರಾ ನದಿ ಒಂದು ಕಪ್ಪು ಗೆರೆ ಎಳೆದ ಹಾಗೆ. ಎಡಕ್ಕೆ ಸಿಸ್ಸು ದಾರಿ. ಈ ದಿನಗಳಲ್ಲಿ ಅವರ ಹಬ್ಬ, ಊರಿನವರೇ ಪ್ರವಾಸಿಗರನ್ನು ಬಿಡಲ್ಲ ಅಂದರು ಡ್ರೈವರ್. ಅವರ ಹಬ್ಬಕ್ಕೆ ನಾವ್ಯಾಕೆ ಅಡ್ಡ ಬರಬೇಕು, ಬಲಕ್ಕೆ ಕೋಕ್ಸರ್ ಕಡೆ ತಿರುಗಿದೆವು.

ಮಕ್ಕಳು ಕಾರು ನಿಲ್ಲುವ ಮೊದಲೇ ಇಳಿದು ಓಡಿದರು. ಅತ್ತೆ ನನ್ನ ಕೈ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ಬೂಟು ಒಳಗಿಳಿದಾಗ ಬರುವ ಸಪ್ಪಳ ಕೇಳಿ ನಿಂತರು. ಜೋಳದ ಹಿಟ್ಟನ್ನು ಡಬ್ಬಿಯಲ್ಲಿ ಅಂಗೈಯಿಂದ ಒತ್ತಿದಾಗ ಬರುತ್ತಲ್ಲ, ಅದೇ ಸಪ್ಪಳ. ಬಗ್ಗಿ ಒಂದು ಹಿಡಿ ತಗೊಂಡರು. ಮೂಸಿದರು. ನಾಲಿಗೆಗೆ ಒಂಚೂರು ಇಟ್ಟುಕೊಂಡರು. ಏನೂ ಹೇಳಲಿಲ್ಲ. ಯಾರೂ ತುಳಿಯದ ಜಾಗ ಹುಡುಕಿ ಕುಕ್ಕರಗಾಲಲ್ಲಿ ಕೂತು, ಗ್ಲೌಸ್ ತೆಗೆದು, ತೋರುಬೆರಳಿಂದ ಚುಕ್ಕಿ ಇಡೋಕೆ ಶುರುಮಾಡಿದರು. ಐದು, ನಾಲ್ಕು, ಮೂರು, ಎರಡು, ಒಂದು. ಆಮೇಲೆ ಗೆರೆ. ಮನೆ ಅಂಗಳದಲ್ಲಿ ಕಪ್ಪು ನೆಲದ ಮೇಲೆ ಬಿಳಿ ಹಿಟ್ಟು ಬಿಡುವ ಕೈ, ಇಲ್ಲಿ ಬಿಳಿ ಹಿಟ್ಟನ್ನೇ ಸರಿಸಿ ಗೆರೆ ತೆಗೀತಿತ್ತು. ಗೆರೆಯೊಳಗೆ ತಿಳಿ ನೀಲಿ ನೆರಳು ಕೂತಿತ್ತು. ರಂಗೋಲಿ ಮುಗಿಸಿ ಎದ್ದಾಗ ಅವರ ಬೆರಳು ಕೆಂಪಾಗಿತ್ತು, ಕಪ್ಪು ಕನ್ನಡಕದ ಕೆಳಗೆ ಕೆನ್ನೆ ಒದ್ದೆ. ನಾನು ಕೈ ಒರೆಸಿ ಗ್ಲೌಸ್ ಹಾಕಿದೆ.

ಅಷ್ಟರಲ್ಲಿ ಮಗ ಕೂಗಿಕೊಂಡ. ಮೆತ್ತಗಿದ್ದ ಕಡೆ ಕಾಲಿಟ್ಟು ತೊಡೆವರೆಗೂ ಇಳಿದಿದ್ದ. ಬೂಟಿನ ಬಾಯಿಂದ ಹಿಮ ಒಳಗೆ ತುಂಬಿತ್ತು. ನಮ್ಮವರು ಎಳೆದು ತೆಗೆದರು. ಹತ್ತು ನಿಮಿಷದಲ್ಲಿ ಅವನು, "ಮಮ್ಮಿ, ಬೆರಳು ಇಲ್ಲೇ ಇಲ್ಲ ಅನಿಸ್ತದ" ಅಂದ. ಪ್ಲಾಸ್ಟಿಕ್ಕಿನ ಒಳಗೂ ನೀರು ಇಳಿದಿತ್ತು. ಬೆರಳುಗಳು ಬಿಳಿಚಿಕೊಂಡಿದ್ದವು. ನನ್ನ ಎದೆ ಧಸಕ್ಕೆಂದಿತು.

ಹತ್ತಿರದ ಢಾಬಾಕ್ಕೆ ಎತ್ತಿಕೊಂಡು ಹೋದೆವು. ನಾನು ಕಾಲು ತಿಕ್ಕೋಕೆ ಹೋದೆ, ಬೆಂಕಿ ಹತ್ತಿರ ಹಿಡಿಯೋಕೆ ಹೋದೆ. ಢಾಬಾದ ಹೆಂಗಸು ನನ್ನ ಕೈ ತಡೆದರು. ಮರಗಟ್ಟಿದ ಚರ್ಮ ತಿಕ್ಕಿದರೆ ಗಾಯವಾಗುತ್ತೆ, ಬೆಂಕಿಗೆ ಹಿಡಿದರೆ ಸುಟ್ಟರೂ ಮಗುವಿಗೆ ಗೊತ್ತಾಗಲ್ಲ ಅಂದರು. ಮೈಶಾಖವೇ ಬೇಕು. ಅತ್ತೆ ಏನೂ ಕೇಳಲಿಲ್ಲ, ಅವನ ಎರಡೂ ಪಾದ ಶಾಲಿನೊಳಗೆ ತಗೊಂಡು ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. ಕಾಲು ಗಂಟೆಯಲ್ಲಿ ಬೆರಳು ಕೆಂಪೇರಿತು, ಚುಚ್ಚುತ್ತಿದೆ ಅಂತ ಅತ್ತ. ಆ ಅಳು ಕೇಳಿ ನನಗೆ ಜೀವ ಬಂತು. ಕೈಚೀಲದಿಂದ ಒಣ ಸಾಕ್ಸ್ ತೆಗೆದು ಹಾಕಿದೆ. ಬದಲಿ ಸಾಕ್ಸ್ ರೂಮಿನ ಸೂಟ್‌ಕೇಸಿನಲ್ಲಿ ಇದ್ದರೆ ಏನೂ ಉಪಯೋಗ ಇಲ್ಲ, ಕೈಗೆ ಸಿಗುವ ಚೀಲದಲ್ಲಿ ಇರಬೇಕು. ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತುರುಕದೆ ಬೂಟಿನ ಮೇಲೆ ಇಳಿಬಿಟ್ಟು ಹಗ್ಗ ಕಟ್ಟಬೇಕು ಅಂತಲೂ ಢಾಬಾದ ಹೆಂಗಸೇ ಕಟ್ಟಿ ತೋರಿಸಿದರು. ಮ್ಯಾಗಿ ಬಿಸಿಬಿಸಿ ತಿಂದೆವು. ದುಡ್ಡು ಕೊಡುವಾಗ ಒಂದು ಪೊಟ್ಟಣ ಶೇಂಗಾ ಹಿಂಡಿಯನ್ನೂ ಕೊಟ್ಟೆ.

ಐದನೇ ದಿನ: ಮನೆಯೊಳಗೆ

ರಾತ್ರಿ ಎಷ್ಟೊತ್ತಿಗೋ ಎಚ್ಚರವಾಯಿತು. ಯಾವ ಸಪ್ಪಳವೂ ಇರಲಿಲ್ಲ. ನಾಯಿ ಇಲ್ಲ, ಗಾಡಿ ಇಲ್ಲ, ಗಾಳಿಯೂ ಇಲ್ಲ. ಬೆಳಿಗ್ಗೆ ಪರದೆ ಸರಿಸಿದರೆ ಹಿಮ ಬೀಳುತ್ತಿತ್ತು. ಮಳೆ ಬಂದರೆ ಗೊತ್ತಾಗುತ್ತೆ, ಇದು ಹೇಳದೆ ಕೇಳದೆ ಬರುತ್ತೆ. ಅಂಗಳದ ಗೋಡೆ ಮೇಲೆ ಒಂದು ಗೇಣು ಕೂತಿತ್ತು.

ದಾರಿ ಬಂದ್, ಕರೆಂಟ್ ಇಲ್ಲ. ನಳ ರಾತ್ರಿ ಸಣ್ಣಗೆ ಹರಿಯಲು ಬಿಡಿ ಅಂತ ದೀದಿ ಹೇಳಿದ್ದರು. ಹರಿಯುವ ನೀರು ಬೇಗ ಹೆಪ್ಪುಗಟ್ಟಲ್ಲ, ಪೈಪ್ ಒಡೆಯಲ್ಲ. ನಮ್ಮ ಊರಿನ ಅಭ್ಯಾಸ ನೋಡಿ, ನೀರು ಪೋಲಾಗುತ್ತೆ ಅಂತ ಅತ್ತೆ ಎದ್ದು ತಿರುವಿ ಬಂದ್ ಮಾಡಿದ್ದರು. ಬೆಳಿಗ್ಗೆ ಒಂದು ಹನಿ ಇಲ್ಲ. ಅತ್ತೆ ಬಹಳ ನೊಂದುಕೊಂಡರು. ದೀದಿ ನಕ್ಕು, ಬಕೆಟಿನಲ್ಲಿ ಹಿಮ ತುಂಬಿ ತಂದು ತಂದೂರಿನ ಮೇಲಿಟ್ಟರು. ತುಂಬಿದ ಬಕೆಟ್ ಹಿಮ ಕರಗಿದರೆ ತಳದಲ್ಲಿ ಎರಡು ಚೊಂಬು ನೀರು.

ಹೊರಗೆ ದೀದಿಯ ಮಾವ ಉದ್ದ ಕೋಲು ಹಿಡಿದು ಸೇಬಿನ ಕೊಂಬೆಗಳಿಂದ ಹಿಮ ಕೊಡವುತ್ತಿದ್ದರು, ಭಾರಕ್ಕೆ ಮುರೀಬಾರದು ಅಂತ. ನಮ್ಮವರೂ ಒಂದು ಕೋಲು ತಗೊಂಡು ಇಳಿದರು. ಎರಡು ತಾಸು ಇಬ್ಬರೂ ಒಂದೊಂದೇ ಮರ ಕೊಡವಿದರು. ಸೇಬಿಗೆ ಚಳಿ ಬೇಕೇ ಬೇಕು, 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಗಿಂತ ಜಾಸ್ತಿ ಸಿಕ್ಕರೇನೇ ಮರ ಸರಿಯಾಗಿ ಹೂ ಬಿಡೋದು. ಹಿಮಕ್ಕೆ ಅಲ್ಲಿನ ರೈತರು ಬಿಳಿ ಗೊಬ್ಬರ ಅಂತಾರೆ. ನಿಧಾನ ಕರಗಿ ಬೇರಿಗೆ ಇಳಿಯುತ್ತೆ. "ಈಚೆಗೆ ಕಡಿಮೆ ಬೀಳ್ತಿದೆ" ಅಂತ ಅಜ್ಜ ಹೇಳಿದರಂತೆ. ನಮ್ಮವರು ಒಳಗೆ ಬಂದು, "ನಾವು ಮಳಿಗೆ ಮುಗಿಲು ನೋಡ್ತೀವಿ, ಅವರು ಬರ್ಫಕ್ಕ ನೋಡ್ತಾರ" ಅಂತ ಕೈ ಕಾಯಿಸಿಕೊಳ್ಳುತ್ತಾ ಹೇಳಿದರು.

ಮಧ್ಯಾಹ್ನ ಅತ್ತೆ ಅಡುಗೆಮನೆ ಹೊಕ್ಕರು. ದೀದಿಗೆ ಅಂತ ಎರಡು ಕಿಲೋ ತೊಗರಿ ಬೇಳೆ ತಂದಿದ್ದೆವು. 2019ರಲ್ಲಿ ಜಿಐ, ಅಂದ್ರೆ ಈ ಊರಿನದೇ ಬೆಳೆ ಅನ್ನೋ ಗುರುತು ಸಿಕ್ಕ ನಮ್ಮ ಕಲಬುರಗಿ ಬೇಳೆ, ನಮ್ಮ ಹೊಲದ್ದೇ. ಮನೆಯಲ್ಲಿ ಕುಕ್ಕರ್ ಮೂರು ಸೀಟಿ ಹೊಡೆದರೆ ಬೆಣ್ಣೆ ಹಾಗೆ ಬೇಯುತ್ತೆ. ಇಲ್ಲಿ ಮೂರು ಸೀಟಿಗೆ ತೆಗೆದರೆ ಕಾಳು ಕಾಳು. ಅತ್ತೆಗೆ ಮುಖ ತೋರಿಸೋಕೆ ಆಗಲಿಲ್ಲ. ಮಗಳು ಫೋನ್ ತೆಗೆದು ಲೆಕ್ಕ ಹೇಳಿದಳು. ಈ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ತೆರೆದ ಪಾತ್ರೆಯಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತೆ, ಕುಕ್ಕರಿನೊಳಗೂ ಊರಿನಷ್ಟು ಬಿಸಿ ಏರಲ್ಲ, ಅದಕ್ಕೇ ಮೂರು ಸೀಟಿ ಬೇಳೆಗೆ ಸಾಲದು. ಇನ್ನೂ ಎರಡು ಸೀಟಿ ಆದ ಮೇಲೆ ಬೆಂದಿತು. ಬೆಳ್ಳುಳ್ಳಿ ಒಗ್ಗರಣೆ, ಕಡಕ ರೊಟ್ಟಿ. ದೀದಿ ಸಿಡ್ಡು ಮಾಡಿದ್ದರು. ಹುದುಗು ಬಂದ ಹಿಟ್ಟಿನೊಳಗೆ ಅಕ್ರೋಟಿನ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿ ತುಪ್ಪ ಸುರಿದು ಕೊಡೋದು. "ನಮ್ಮ ಕಡುಬಿನಂಗೇ ಅದ" ಅಂತ ಅತ್ತೆ ಮೂರು ತಿಂದರು.

ಊಟ ಆದ ಮೇಲೆ ಮಗ ಟಿವಿ ಹಾಕಲಾ ಅಂತ ಕೇಳಿದ. ಕರೆಂಟ್ ಇದ್ದಿದ್ದರೂ ದೀದಿ ಹಾಕುತ್ತಿರಲಿಲ್ಲವೇನೋ. ಅವರ ತವರು ಗೋಶಾಲ್. ಮಕರ ಸಂಕ್ರಾಂತಿಯಿಂದ 42 ದಿನ ಆ ಊರಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಟಿವಿ ಸದ್ದಿಲ್ಲ, ನೆಲ ಅಗೆಯೋದಿಲ್ಲ, ಗುಡಿ ಬಾಗಿಲು ಮುಚ್ಚಿರುತ್ತೆ. ದೇವರು ಸ್ವರ್ಗಕ್ಕೆ ಹೋಗಿರುತ್ತಾರೆ, ಸಪ್ಪಳ ಮಾಡಬಾರದು. ಬಾಗಿಲು ಮುಚ್ಚುವ ಮೊದಲು ಗುಡಿಯೊಳಗೆ ಮಣ್ಣು ಮೆತ್ತುತ್ತಾರೆ. 42 ದಿನದ ಮೇಲೆ ತೆಗೆದು, ಆ ಮಣ್ಣಿನಲ್ಲಿ ಹೂ ಸಿಕ್ಕರೆ ಒಳ್ಳೇ ವರ್ಷ, ಇದ್ದಿಲು ಸಿಕ್ಕರೆ ಬೆಂಕಿಯ ಭಯ, ಹೀಗೆ ಓದುತ್ತಾರೆ.

ಅತ್ತೆ ಒಲೆಗೆ ಕಟ್ಟಿಗೆ ಹಾಕುವುದನ್ನು ನಿಲ್ಲಿಸಿ ಕೇಳುತ್ತಿದ್ದರು. "ಇದು ನಮ್ಮ ಮೈಲಾರದ ಕಾರ್ಣಿಕ ಇದ್ದಂಗ ಅದಲ್ಲ!" ಅಂದರು. ನಾನು ಹಿಂದಿಯಲ್ಲಿ ದೀದಿಗೆ ವಿವರಿಸಿದೆ: ನಮ್ಮಲ್ಲಿ ಗೊರವಪ್ಪ ಬಿಲ್ಲೇರಿ ಒಂದು ಮಾತು ಕೂಗುತ್ತಾನೆ, ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ, ಅದರಲ್ಲಿ ಮಳೆ ಬೆಳೆ ಹುಡುಕುತ್ತಾರೆ. ದೀದಿ, "ಹಾಗಾದರೆ ನಿಮ್ಮ ದೇವರು ಮಾತಾಡ್ತಾನೆ, ನಮ್ಮ ದೇವರು ಮಣ್ಣಲ್ಲಿ ಇಟ್ಟು ಹೋಗ್ತಾನೆ" ಅಂದರು. ತಂದೂರಿನ ಕೊಳವೆಗೆ ಕಟ್ಟಿದ ದಾರದ ಮೇಲೆ ನಮ್ಮ ಸಾಕ್ಸ್ ಒಣಗುತ್ತಿದ್ದವು. ಎಣಿಸಿದೆ, ಹದಿನೇಳು ಜೋಡಿ.

ಆರನೇ ದಿನ: ಬೂದಿ ಹಾಕಿದ ಮೆಟ್ಟಿಲು

ಬಿಸಿಲು ಬಂತು. ಬಿಸಿಲು ಬಂದ ದಿನದ ಬೆಳಿಗ್ಗೆಯೇ ಜಾಸ್ತಿ ಜೋಪಾನ ಬೇಕು. ತುಳಿದ ಹಿಮ ಕರಗಿ ರಾತ್ರಿ ಗಾಜಾಗಿರುತ್ತೆ, ರಸ್ತೆ ಬರೀ ಒದ್ದೆ ಇದ್ದ ಹಾಗೆ ಕಾಣುತ್ತೆ. ದೀದಿ ತಂದೂರಿನ ಬೂದಿ ತಂದು ಮೆಟ್ಟಿಲ ಮೇಲೆ ಚೆಲ್ಲಿದ್ದರು. ನಮ್ಮವರು ಬೂದಿ ಮುಗಿದ ಮೇಲೆ ಎರಡನೇ ಹೆಜ್ಜೆಗೇ ಜಾರಿ ಬಿದ್ದು ಮಣಿಕಟ್ಟು ಊದಿಸಿಕೊಂಡರು. ಹೊಳೆಯುವ ಕಡೆ ಕಾಲಿಡದೆ ಅಂಚಿನ ಹಿಮದ ಮೇಲೆ, ಸಣ್ಣ ಸಣ್ಣ ಹೆಜ್ಜೆ ಇಟ್ಟು, ಕೈ ಜೇಬಿನಿಂದ ಹೊರಗಿಟ್ಟು ನಡೀಬೇಕು. ಅಲ್ಲಿನ ಮಕ್ಕಳೂ ಹಾಗೇ ನಡೀತಾರೆ.

ವಸಿಷ್ಠದ ಬಿಸಿನೀರಿನ ಕುಂಡಕ್ಕೆ ಹೋದೆವು. ಗಂಧಕದ ವಾಸನೆ. ಹೆಂಗಸರಿಗೆ ಬೇರೆ ಕಡೆ. ಸುತ್ತಲೂ ಹಿಮ, ನೀರಿನಿಂದ ಹಬೆ. ಅತ್ತೆ ಕಾಲು ಇಳಿಬಿಟ್ಟು ಕೂತರೆ ಏಳೋದೇ ಇಲ್ಲ ಅಂದರು.

ಸಂಜೆ ಬಸ್ಸು ಮನಾಲಿವರೆಗೆ ಬರಲಿಲ್ಲ, ಕೆಳಗೆ ಪತ್ಲಿಕುಹಲ್‌ನಲ್ಲೇ ನಿಂತಿತು. ಬಸ್ಸಿನವರು ಹೇಳಿದ್ದು ಅರ್ಧ ಗಂಟೆ ಮೊದಲು. ದೀದಿಯ ಮಾವ ತಮ್ಮ ಪರಿಚಯದ ಜೀಪು ಕರೆಸಿ, ಚಕ್ರಕ್ಕೆ ಸರಪಳಿ ಕಟ್ಟಿಸಿ ಕಳಿಸಿದರು. ಆದರೂ ಬಸ್ಸು ತಪ್ಪಿತು. ಆ ರಾತ್ರಿ ಅಲ್ಲೇ ಉಳಿದು ಮರುದಿನ ಹೊರಟೆವು, ರೈಲಿನ ಟಿಕೆಟ್ ಹೋಯಿತು, ಬೇರೆ ಸಿಗಲು ದೆಹಲಿಯಲ್ಲಿ ಇನ್ನೂ ಎರಡು ದಿನ. ಜಾಸ್ತಿ ಕಟ್ಟಿಕೊಂಡ ಬಿಪಿ ಮಾತ್ರೆಯಲ್ಲಿ ಕೊನೆಗೆ ಉಳಿದದ್ದು ಒಂದೇ.

ಮನೆಗೆ ಬಂದ ಮೇಲೆ

ಕಲಬುರಗಿಯ ಬಿಸಿಲಿಗೆ ಸ್ವೆಟರುಗಳು ಒಂದೇ ತಾಸಿನಲ್ಲಿ ಒಣಗಿದವು. ಅತ್ತೆ ಬೇವಿನ ಎಲೆ ನಡುವೆ ಇಟ್ಟು ಟ್ರಂಕಿನಲ್ಲಿ ಮಡಚಿಟ್ಟರು. ಒಂದು ಸಾಕ್ಸ್ ಜೋಡಿ ತಪ್ಪಿ ಒಂಟಿಯಾಗಿತ್ತು, ಅದನ್ನೂ ಇಟ್ಟರು.

ಕ್ಯಾಲೆಂಡರಿನಲ್ಲಿ ಅತ್ತೆ ಸಂಕ್ರಾಂತಿಯಿಂದ ಲೆಕ್ಕ ಹಿಡಿದು ದಿನಕ್ಕೊಂದು ಗೀಟು ಹಾಕುತ್ತಾ ಬಂದಿದ್ದರು. ನಲವತ್ತೆರಡು ಆದ ದಿನ ಬೆಳಿಗ್ಗೆ, "ಅಕೀಗಿ ಫೋನ್ ಹಚ್ಚವ್ವಾ, ಮಣ್ಣಾಗ ಏನು ಸಿಕ್ತಂತ ಕೇಳು" ಅಂದರು. ಹಚ್ಚಿದೆ. ಬಾಗಿಲು ತೆಗೆಯೋಕೆ ಹಿರಿಯರು ಈಗಷ್ಟೇ ಹೋಗಿದ್ದಾರೆ, ಸಂಜೆ ಹೇಳ್ತೀನಿ ಅಂದರು ದೀದಿ. ಮತ್ತೆ ಹಿಮ ಬಿದ್ದಿದೆಯಂತೆ, ಮೊಣಕಾಲುದ್ದ. ಅವರ ದನಿಯ ಹಿಂದೆ ಕುಕ್ಕರ್ ಕೂಗುತ್ತಿತ್ತು. ಅತ್ತೆ ಫೋನಿಗೆ ಕಿವಿಯಿಟ್ಟು ಬೆರಳು ಮಡಚಿ ಎಣಿಸುತ್ತಿದ್ದರು. "ಐದು. ಇನ್ನ ಇಳಿಸ್ಲಿಕ್ಕೆ ಹೇಳು."